ಕರ್ನಲ್ ಬದಲಾದಾಗಲೆಲ್ಲ ಮುರಿಯುವ ಫೈಲ್‌ಸಿಸ್ಟಮ್ ಮಾಡ್ಯೂಲ್: ನಂಬರ್ ನೋಡಬೇಡಿ, ಹೆಡರನ್ನೇ ಕೇಳಿ

ಪ್ರಶ್ನೆ: ನಮ್ಮ ತಂಡ ಬಳಸುವ ಸಣ್ಣ ಫೈಲ್‌ಸಿಸ್ಟಮ್ ಮಾಡ್ಯೂಲ್ ಒಂದಿದೆ. ಜಿಪಿಎಲ್ ಲೈಸೆನ್ಸ್‌ನದು, ಆದರೆ ಲಿನಕ್ಸ್ ಕರ್ನಲ್‌ನ ಮೂಲ ಸಂಗ್ರಹದಲ್ಲಿಲ್ಲ, ಹೊರಗಿದೆ. ರಾಕಿ ಲಿನಕ್ಸ್ 8, ಉಬುಂಟು 22.04 ಮತ್ತು 24.04, ಮೂರರಲ್ಲೂ ಅದು ಓಡಬೇಕು. ಕರ್ನಲ್ ಅಪ್‌ಡೇಟ್ ಬಂದಾಗಲೆಲ್ಲ ಬಿಲ್ಡ್ ಮುರಿಯುತ್ತದೆ. ಪ್ರತಿ ಸಲವೂ ಒಂದು ಇಫ್‌ಡೆಫ್ (ಕಂಪೈಲ್ ಹೊತ್ತಿನಲ್ಲಿ ಯಾವ ಕೋಡ್ ತುಂಡು ಸೇರಬೇಕೆಂದು ಆರಿಸುವ ಷರತ್ತು) ಸೇರಿಸಿ, ಸೇರಿಸಿ, ಈಗ ಕೋಡ್ ಓದುವುದೇ ಕಷ್ಟವಾಗಿದೆ. ನಮ್ಮಂತೆಯೇ ಕರ್ನಲ್‌ನ ಹೊರಗಿರುವ ಓಪನ್‌ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನವರು ಅಷ್ಟೊಂದು ಕರ್ನಲ್‌ಗಳಿಗೆ ಒಂದೇ ಕೋಡ್‌ನಿಂದ ಹೇಗೆ ಬಿಲ್ಡ್ ಮಾಡುತ್ತಾರೆ? ನಾವೂ ಆ ದಾರಿ ಹಿಡಿಯಬಹುದೇ? ಅಥವಾ ಮಾಡ್ಯೂಲನ್ನು ಮೂಲ ಕರ್ನಲ್‌ಗೇ ಸೇರಿಸಲು ಪ್ರಯತ್ನಿಸುವುದು ಒಳ್ಳೆಯದೇ?

ಉತ್ತರ: ಮೊದಲಿಗೆ ಒಂದು ಮಾತು. ನಿಮ್ಮ ಬಿಲ್ಡ್ ಮುರಿಯುತ್ತಿರುವುದಕ್ಕೆ ನಿಮ್ಮ ಕೋಡ್ ಕೆಟ್ಟದಾಗಿದೆ ಎಂದು ಅರ್ಥವಲ್ಲ. ಲಿನಕ್ಸ್ ಮಾತು ಕೊಟ್ಟಿರುವುದು ಬಳಕೆದಾರರ ಪ್ರೋಗ್ರಾಮ್‌ಗಳಿಗೆ ಮಾತ್ರ. ಸಿಸ್ಟಮ್ ಕಾಲ್‌ಗಳು ಮುರಿಯಬಾರದು ಎಂಬುದು ಅಲ್ಲಿ ಕಟ್ಟುನಿಟ್ಟು. ಕರ್ನಲ್‌ನ ಒಳಗಿನ ಫಂಕ್ಷನ್‌ಗಳಿಗೆ ಅಂಥ ಯಾವ ಭರವಸೆಯೂ ಇಲ್ಲ, ಮತ್ತು ಅದನ್ನು ಬೇಕೆಂದೇ ಕೊಟ್ಟಿಲ್ಲ. ಕರ್ನಲ್‌ನ ಹಿರಿಯ ನಿರ್ವಾಹಕ ಗ್ರೆಗ್ ಕ್ರೋ-ಹಾರ್ಟ್‌ಮನ್ ಇದರ ಕಾರಣಗಳನ್ನು ವಿವರಿಸಿ ಬರೆದ ಟಿಪ್ಪಣಿ ಕರ್ನಲ್‌ನ ದಾಖಲೆಗಳಲ್ಲೇ ಇದೆ. ಒಳಗಿನ ಒಂದು ಫಂಕ್ಷನ್ ಬದಲಿಸಿದವರು ಕರ್ನಲ್ ಒಳಗೆ ಅದನ್ನು ಬಳಸುವ ಎಲ್ಲ ಕಡೆಯನ್ನೂ ತಾವೇ ತಿದ್ದಬೇಕು ಎಂಬುದು ಅಲ್ಲಿನ ಪದ್ಧತಿ. ಹೊರಗಿರುವವರ ಕೋಡ್ ಅವರ ಕಣ್ಣಿಗೆ ಬೀಳುವುದಿಲ್ಲ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರುತ್ತದೆ, ಅಷ್ಟೇ ಸಲ ನೀವು ಅದರ ಹಿಂದೆ ಓಡಬೇಕು. ಈ ಓಟ ತಪ್ಪುವುದಿಲ್ಲ. ಅದರ ದಣಿವನ್ನು ಬಹಳಷ್ಟು ಕಡಿಮೆ ಮಾಡಬಹುದು.

ನಿಮ್ಮ ನಿಜವಾದ ತೊಂದರೆ ಇಫ್‌ಡೆಫ್‌ಗಳ ಸಂಖ್ಯೆಯಲ್ಲಿಲ್ಲ, ಅವು ಕೇಳುತ್ತಿರುವ ಪ್ರಶ್ನೆಯಲ್ಲಿದೆ. ಎಲ್ಲವೂ ‘ಕರ್ನಲ್ ಆವೃತ್ತಿ ಇಷ್ಟಕ್ಕಿಂತ ಹೊಸದೇ?’ ಎಂದು ಕೇಳುತ್ತಿವೆ. ಮೂಲ ಕರ್ನಲ್ ಮಟ್ಟಿಗೆ ಆ ಪ್ರಶ್ನೆಗೆ ಅರ್ಥವಿದೆ. ಡಿಸ್ಟ್ರೋ (ರಾಕಿ, ಉಬುಂಟುವಿನಂಥ ಲಿನಕ್ಸ್ ವಿತರಣೆ) ಕರ್ನಲ್‌ಗಳಲ್ಲಿ ಅದು ನಂಬುವಂಥದ್ದಲ್ಲ. ರಾಕಿ 8 ಅನ್ನೇ ನೋಡಿ. ಅದು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಕರ್ನಲ್ ಅನ್ನೇ ಮತ್ತೆ ಕಟ್ಟಿಕೊಡುತ್ತದೆ. ಮೂಲ 4.18 ಬಂದದ್ದು 2018ರ ಆಗಸ್ಟ್‌ನಲ್ಲಿ. 2024ರಲ್ಲಿ ಬಂದ 8.10ರಲ್ಲೂ ಕರ್ನಲ್ ನಂಬರ್ 4.18.0-553. ನಡುವಿನ ವರ್ಷಗಳಲ್ಲಿ ಹೊಸ ಕರ್ನಲ್‌ಗಳಿಂದ ಸಾವಿರಾರು ಬದಲಾವಣೆಗಳನ್ನು ಎತ್ತಿ ತಂದು ಅದರೊಳಗೆ ಸೇರಿಸಿದ್ದಾರೆ. ಹಣೆಪಟ್ಟಿ ಅದೇ, ಒಳಗಿನ ಸರಕು ಬೇರೆ. ಇನ್ನು ಉಬುಂಟು 22.04 ಎಂದರೆ ಒಂದು ಕರ್ನಲ್ ಅಲ್ಲ. 5.15ರಿಂದ ಶುರುವಾದ ಅದು ಹೊಸ ಹಾರ್ಡ್‌ವೇರ್‌ಗಾಗಿ ಕೊಡುವ ಸಾಲಿನಲ್ಲಿ 5.19, 6.2, 6.5 ದಾಟಿ 6.8ಕ್ಕೆ ಬಂದಿದೆ. 24.04 ಕೂಡ 6.8ರಲ್ಲಿ ಹೊರಟು 6.11, 6.14 ಎಂದು ಮುಂದೆ ಸಾಗಿದೆ. ನಿಮ್ಮ ಪತ್ರದಲ್ಲಿರುವ ಮೂರು ಗುರಿಗಳು ಲೆಕ್ಕ ಹಾಕಿದರೆ ಏಳೆಂಟಕ್ಕೆ ಹೋಗುತ್ತವೆ.

ಮೂಲ ಕರ್ನಲ್‌ನಲ್ಲೂ ಬದಲಾವಣೆ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. ಡಿಸ್ಕ್‌ಗೆ ಓದು-ಬರಹದ ಕೋರಿಕೆ ಕಳಿಸುವ ಬ್ಲಾಕ್ ಲೇಯರ್‌ನ ‘ಬಯೋ’ ರಚನೆಯಲ್ಲಿ ಯಾವ ಡಿಸ್ಕ್ ಎಂದು ತೋರಿಸುವ ಬಿಐ_ಬಿಡೆವ್ ಎಂಬ ಫೀಲ್ಡ್ ಇತ್ತು. 4.14ರಲ್ಲಿ ಅದನ್ನು ತೆಗೆದು ಡಿಸ್ಕ್‌ಗೊಂದು, ಪಾರ್ಟಿಶನ್‌ಗೊಂದು ಎಂದು ಎರಡು ಫೀಲ್ಡ್ ಮಾಡಿದರು. 5.12ರಲ್ಲಿ ಹಳೆಯದೇ ಮರಳಿ ಬಂತು. ‘4.14ಕ್ಕಿಂತ ಹೊಸದಾದರೆ ಹೀಗೆ’ ಎಂದು ಬರೆದಿಟ್ಟ ಕೋಡ್ ಆ ದಿನ ಮತ್ತೆ ಮುರಿಯಿತು. ‘ಈ ರಚನೆಯಲ್ಲಿ ಈ ಫೀಲ್ಡ್ ಇದೆಯೇ?’ ಎಂದು ಕೇಳುತ್ತಿದ್ದ ಕೋಡ್‌ಗೆ ಏನೂ ಆಗಲಿಲ್ಲ.

ಓಪನ್‌ಝಡ್‌ಎಫ್‌ಎಸ್ ಕೇಳುವುದು ಈ ಎರಡನೆಯ ಪ್ರಶ್ನೆಯನ್ನೇ. ಲಿನಕ್ಸ್‌ಗೆ ಝಡ್‌ಎಫ್‌ಎಸ್ ತರುವ ಕೆಲಸ 2008ರ ಸುಮಾರಿಗೆ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬ್ರಯಾನ್ ಬೆಲೆನ್‌ಡಾರ್ಫ್ ಅವರ ಮುಂದಾಳತ್ವದಲ್ಲಿ ಶುರುವಾಯಿತು. ಸನ್ ಮೈಕ್ರೋಸಿಸ್ಟಮ್ಸ್ ಆ ಕೋಡನ್ನು ಕೊಟ್ಟಿದ್ದು ಸಿಡಿಡಿಎಲ್ ಲೈಸೆನ್ಸ್‌ನಡಿ. ಅದಕ್ಕೂ ಜಿಪಿಎಲ್‌ಗೂ ಹೊಂದಿಕೆಯಿಲ್ಲ ಎಂದು ಕರ್ನಲ್‌ನವರು ಭಾವಿಸುವುದರಿಂದ ಝಡ್‌ಎಫ್‌ಎಸ್‌ಗೆ ಮೂಲ ಕರ್ನಲ್‌ನ ಬಾಗಿಲು ಮುಚ್ಚಿದಂತೆಯೇ. ಹಾಗಾಗಿ ಹೊರಗಿದ್ದುಕೊಂಡೇ ಬದುಕುವುದನ್ನು ಅವರು ಶಿಸ್ತಾಗಿ ಕಲಿತರು. 2.2.0 ಆವೃತ್ತಿ 3.10ರಿಂದ 6.5ರವರೆಗಿನ ಕರ್ನಲ್‌ಗಳಿಗೆ ಬಿಲ್ಡ್ ಆಗುತ್ತಿತ್ತು. ಹತ್ತು ವರ್ಷದ ಅಂತರ ಅದು.

ಅವರ ದಾರಿ ಹೀಗಿದೆ. ಬಿಲ್ಡ್ ಮಾಡುವ ಮೊದಲು ಕಾನ್ಫಿಗರ್ ಸ್ಕ್ರಿಪ್ಟ್ ಪುಟ್ಟ ಪುಟ್ಟ ಸಿ ಫೈಲ್‌ಗಳನ್ನು ಬರೆದು, ನೀವು ಕೊಟ್ಟ ಕರ್ನಲ್‌ನ ಹೆಡರ್‌ಗಳ (ಒಳಗಿನ ಫಂಕ್ಷನ್, ರಚನೆಗಳ ಘೋಷಣೆ ಇರುವ ಫೈಲ್‌ಗಳ) ಜೊತೆ ಕಂಪೈಲ್ ಮಾಡಿ ನೋಡುತ್ತದೆ. ಪ್ರತಿ ಫೈಲ್ ಒಂದೇ ಪ್ರಶ್ನೆ ಕೇಳುತ್ತದೆ. ಕಂಪೈಲ್ ಆದರೆ ‘ಹ್ಯಾವ್’ ಎಂದು ಶುರುವಾಗುವ ಒಂದು ಮ್ಯಾಕ್ರೋ ಹುಟ್ಟುತ್ತದೆ. ಮುಂದೆ ಕೋಡ್ ನೋಡುವುದು ಆ ಮ್ಯಾಕ್ರೋವನ್ನು ಮಾತ್ರ, ನಂಬರನ್ನಲ್ಲ. ಇಂಥ ಪರೀಕ್ಷೆಗಳು ಅಲ್ಲಿ ನೂರಾರು. ಹಿಂದೆ ಒಂದೊಂದಾಗಿ ಓಡುತ್ತಿದ್ದವು, ಪ್ರತಿಯೊಂದಕ್ಕೂ ಕರ್ನಲ್‌ನ ಬಿಲ್ಡ್ ವ್ಯವಸ್ಥೆಯನ್ನು ಹೊಸದಾಗಿ ಎಬ್ಬಿಸಬೇಕಿತ್ತು. 2019ರಲ್ಲಿ ಅದನ್ನು ಬದಲಿಸಿದರು. ಈಗ ಎಲ್ಲ ಫೈಲ್‌ಗಳನ್ನೂ ಮೊದಲೇ ಬರೆದಿಟ್ಟು, ತಪ್ಪಾದರೂ ನಿಲ್ಲದೆ ಮುಂದುವರಿಯುವಂತೆ ಒಂದೇ ಮೇಕ್ ಓಡಿಸಿ, ಕೊನೆಗೆ ಯಾವ ಫೈಲ್ ಗೆದ್ದಿತು ಎಂದು ಎಣಿಸಿಕೊಳ್ಳುತ್ತಾರೆ. ನಿಮ್ಮದು ಸಣ್ಣ ಮಾಡ್ಯೂಲ್, ಹದಿನೈದಿಪ್ಪತ್ತು ಪರೀಕ್ಷೆಗಳು ಸಾಕು. ಅದಕ್ಕೆ ಆಟೊಕಾನ್ಫ್ (ಕಾನ್ಫಿಗರ್ ಸ್ಕ್ರಿಪ್ಟ್ ಹುಟ್ಟಿಸುವ ಸಾಧನ) ಕೂಡ ಬೇಡ, ಒಂದು ಶೆಲ್ ಸ್ಕ್ರಿಪ್ಟ್ ನಿಭಾಯಿಸುತ್ತದೆ. ಎನ್‌ವಿಡಿಯಾ ಡ್ರೈವರ್ ಮಾಡುವುದೂ ಹಾಗೆಯೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಡೈರೆಕ್ಟರಿ ಮಾಡುವ ಎಮ್‌ಕೆಡಿರ್ ಫಂಕ್ಷನ್ ನಿಮ್ಮ ಮಾಡ್ಯೂಲ್‌ನಲ್ಲೂ ಇರುತ್ತದೆ. ಮೂಲ 4.18ರಲ್ಲಿ ಅದಕ್ಕೆ ಮೂರು ಆರ್ಗ್ಯುಮೆಂಟ್: ತಾಯಿ ಡೈರೆಕ್ಟರಿಯ ಐನೋಡ್ (ಫೈಲ್ ಅಥವಾ ಡೈರೆಕ್ಟರಿಯ ವಿವರ ಹೊತ್ತ ರಚನೆ), ಹೊಸ ಹೆಸರಿನ ಡೆಂಟ್ರಿ (ಹೆಸರನ್ನು ಐನೋಡ್‌ಗೆ ಜೋಡಿಸುವ ರಚನೆ), ಮೋಡ್ (ಅನುಮತಿಗಳು). 5.12ರಲ್ಲಿ ಐಡಿ ಮ್ಯಾಪ್ ಮಾಡಿದ ಮೌಂಟ್‌ಗಳು (ಫೈಲ್ ಒಡೆಯರ ಐಡಿಗಳನ್ನು ಬೇರೆ ಐಡಿಗಳಾಗಿ ತೋರಿಸುವಂಥವು) ಬಂದಾಗ ಮುಂದುಗಡೆ ಯೂಸರ್_ನೇಮ್‌ಸ್ಪೇಸ್ ಪಾಯಿಂಟರ್ ಸೇರಿತು. 6.3ರಲ್ಲಿ ಅದೇ ಜಾಗಕ್ಕೆ ಎಂಎನ್‌ಟಿ_ಐಡಿಮ್ಯಾಪ್ ಬಂತು. 6.15ರಲ್ಲಿ ಆರ್ಗ್ಯುಮೆಂಟ್‌ಗಳು ಹಾಗೇ ಉಳಿದು ಹಿಂತಿರುಗಿಸುವ ಬಗೆ ಬದಲಾಯಿತು, ಪೂರ್ಣಾಂಕದ ಬದಲು ಡೆಂಟ್ರಿ ಪಾಯಿಂಟರ್. ಒಂದೇ ಕೆಲಸಕ್ಕೆ ನಾಲ್ಕು ರೂಪ.

ಇದಕ್ಕೆ ಪರೀಕ್ಷೆ ಬರೆಯುವುದು ಹೀಗೆ. ಪ್ರತಿ ರೂಪಕ್ಕೂ ಒಂದು ಫೈಲ್. ಆ ರೂಪದಲ್ಲಿ ಒಳಗೇನೂ ಇಲ್ಲದ ಫಂಕ್ಷನ್ ಬರೆದು, ಐನೋಡ್_ಆಪರೇಶನ್ಸ್ ರಚನೆಯ ಎಮ್‌ಕೆಡಿರ್ ಜಾಗದಲ್ಲಿ ಕೂರಿಸಿ. ಪಾಯಿಂಟರ್ ಬಗೆ ಹೊಂದದಿದ್ದರೆ ವಾರ್ನಿಂಗ್ ಕೊಟ್ಟು ಸುಮ್ಮನಾಗದೆ ಎರರ್ ಕೊಡುವಂತೆ ಕಂಪೈಲರ್‌ಗೆ ಹೇಳಿ. ನಾಲ್ಕರಲ್ಲಿ ಸರಿಯಾಗಿ ಒಂದು ಮಾತ್ರ ಗೆಲ್ಲಬೇಕು. ಒಂದೂ ಗೆಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು.

ಈ ‘ಅಲ್ಲೇ ನಿಲ್ಲಬೇಕು’ ಎಂಬುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ವಿಧಾನದ ಅತಿ ದೊಡ್ಡ ಅಪಾಯ ಇರುವುದು ಇಲ್ಲೇ. ಪರೀಕ್ಷೆಯ ಫೈಲ್ ಕಂಪೈಲ್ ಆಗದಿದ್ದರೆ ನಾವು ‘ಆ ಫಂಕ್ಷನ್ ಇಲ್ಲ’ ಎಂದು ತಿಳಿಯುತ್ತೇವೆ. ಆದರೆ ಕಂಪೈಲ್ ಆಗದಿರಲು ಕಾರಣ ಬೇರೆಯೇ ಇರಬಹುದು. ಹೆಡರ್ ಫೈಲ್ ಬೇರೆ ಜಾಗಕ್ಕೆ ಹೋಗಿರಬಹುದು: 6.12ರಲ್ಲಿ ಅನ್‌ಅಲೈನ್ಡ್ ಹೆಡರ್ ಎಎಸ್ಎಂ ಫೋಲ್ಡರ್ ಬಿಟ್ಟು ಲಿನಕ್ಸ್ ಫೋಲ್ಡರ್‌ಗೆ ಬಂತು. ಹೊಸ ಕಂಪೈಲರ್ ಬಳಸದ ವೇರಿಯಬಲ್ ಬಗ್ಗೆ ತಕರಾರು ಮಾಡಿರಬಹುದು. ಕರ್ನಲ್ ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಕಟ್ಟಿದ್ದಾಗಿ, ನೀವು ಜಿಸಿಸಿಯಲ್ಲಿ ಪರೀಕ್ಷಿಸುತ್ತಿರಬಹುದು. ಬಿಲ್ಡ್ ವ್ಯವಸ್ಥೆಯೇ ಬದಲಾಗಿರಬಹುದು: ಬಹಳ ಮಾಡ್ಯೂಲ್‌ಗಳು ನೆಚ್ಚಿಕೊಂಡಿದ್ದ ಎಕ್ಸ್‌ಟ್ರಾ_ಸಿಫ್ಲ್ಯಾಗ್ಸ್ ಎಂಬ ಹಳೆಯ ವೇರಿಯಬಲ್ 6.15ರಲ್ಲಿ ಹೋಯಿತು. ಈಗ ಅದರ ಬದಲು ಸಿಸಿಫ್ಲ್ಯಾಗ್ಸ್-ವೈ ಬಳಸಬೇಕು. ಇಂಥ ಹೊತ್ತಿನಲ್ಲಿ ಪರೀಕ್ಷೆಗಳೆಲ್ಲ ಒಟ್ಟಿಗೆ ಸುಳ್ಳು ‘ಇಲ್ಲ’ ಹೇಳುತ್ತವೆ. ಕೋಡ್ ಹಳೆಯ ದಾರಿ ಹಿಡಿಯುತ್ತದೆ. ಆ ಹಳೆಯ ದಾರಿಯೂ ಕಂಪೈಲ್ ಆಗಿಬಿಟ್ಟರೆ ಯಾರಿಗೂ ಸುಳಿವು ಸಿಗುವುದಿಲ್ಲ.

ಆದ್ದರಿಂದ ಎಲ್ಲಕ್ಕಿಂತ ಮೊದಲು, ಏನನ್ನೂ ಕೇಳದ, ಗೆಲ್ಲಲೇಬೇಕಾದ ಒಂದು ಖಾಲಿ ಮಾಡ್ಯೂಲನ್ನು ಕಂಪೈಲ್ ಮಾಡಿಸಿ. ಅದೇ ಸೋತರೆ ಉಳಿದ ಉತ್ತರಗಳಿಗೆ ಬೆಲೆಯಿಲ್ಲ, ನಿಲ್ಲಿಸಿ. ಓಪನ್‌ಝಡ್‌ಎಫ್‌ಎಸ್‌ನಲ್ಲೂ ಈ ಪರೀಕ್ಷೆ ಇದೆ. ಆಮೇಲೆ ಪ್ರತಿ ಇಫ್‌ಡೆಫ್ ಸರಣಿಯ ಕೊನೆಯ ‘ಎಲ್ಸ್’ನಲ್ಲಿ ಹಳೆಯ ರೂಪವನ್ನು ಇಡುವ ಅಭ್ಯಾಸ ಬಿಡಿ. ಹಳೆಯ ರೂಪಕ್ಕೂ ಅದರದೇ ಪರೀಕ್ಷೆ ಇರಲಿ, ಕೊನೆಯ ‘ಎಲ್ಸ್’ನಲ್ಲಿ ಎರರ್ ಡೈರೆಕ್ಟಿವ್ ಇರಲಿ. ಗೊತ್ತಿಲ್ಲದ ಕರ್ನಲ್ ಎದುರಾದಾಗ ಕೂಗಿ ನಿಲ್ಲುವ ಬಿಲ್ಡ್ ಬೇಕು ನಿಮಗೆ. ಇದು ಜನರ ಫೈಲ್‌ಗಳನ್ನು ಹೊತ್ತ ಕೋಡ್.

ಕಂಪೈಲ್ ಆದದ್ದೆಲ್ಲ ಲಿಂಕ್ ಆಗುವುದಿಲ್ಲ ಎಂಬುದೂ ನೆನಪಿರಲಿ. ಹೆಡರ್‌ನಲ್ಲಿ ಹೆಸರಿದ್ದರೂ ಆ ಫಂಕ್ಷನ್ ಅನ್ನು ಕರ್ನಲ್ ಮಾಡ್ಯೂಲ್‌ಗಳಿಗೆ ಎಕ್ಸ್‌ಪೋರ್ಟ್ ಮಾಡದಿರಬಹುದು, ಅಥವಾ ಜಿಪಿಎಲ್ ಮಾಡ್ಯೂಲ್‌ಗಳಿಗೆ ಮಾತ್ರ ಕೊಟ್ಟಿರಬಹುದು. ಇದು ತಿಳಿಯುವುದು ಬಿಲ್ಡ್‌ನ ಕೊನೆಗೆ, ಮಾಡ್ಯೂಲ್ ಬಳಸುವ ಹೆಸರುಗಳನ್ನು ತಾಳೆ ನೋಡುವ ಮಾಡ್‌ಪೋಸ್ಟ್ ಹಂತದಲ್ಲಿ, ಹಾಗಾಗಿ ಸಿಂಬಲ್‌ಗಳ ಪರೀಕ್ಷೆ ಅಲ್ಲಿಯವರೆಗೂ ಹೋಗಬೇಕು. ಮಾಡ್ಯೂಲ್ಸ್_ಪ್ರಿಪೇರ್ ಮಾತ್ರ ಓಡಿಸಿದ ಕರ್ನಲ್ ಮೂಲದಲ್ಲಿ ಎಕ್ಸ್‌ಪೋರ್ಟ್ ಆದ ಹೆಸರುಗಳ ಪಟ್ಟಿಯಾದ ಮಾಡ್ಯೂಲ್.ಸಿಮ್‌ವರ್ಸ್ ಫೈಲ್ ಹುಟ್ಟುವುದಿಲ್ಲ, ಅಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಡಿಸ್ಟ್ರೋ ಕೊಡುವ ಹೆಡರ್ ಪ್ಯಾಕೇಜನ್ನೇ ಬಳಸಿ. ನಿಮ್ಮದು ಜಿಪಿಎಲ್ ಮಾಡ್ಯೂಲ್ ಆದ್ದರಿಂದ ನಿಮಗೆ ಈ ಬಿಸಿ ಕಡಿಮೆ. ಝಡ್‌ಎಫ್‌ಎಸ್‌ಗೆ ಅದು ಚೆನ್ನಾಗಿಯೇ ತಟ್ಟಿದೆ. 2019ರ ಮಾರ್ಚ್‌ನಲ್ಲಿ ಬಂದ 5.0 ಕರ್ನಲ್‌ನಲ್ಲಿ, ಪ್ರೊಸೆಸರ್‌ನ ವೆಕ್ಟರ್ ರಿಜಿಸ್ಟರ್‌ಗಳನ್ನು ಕರ್ನಲ್ ಒಳಗೆ ಬಳಸಲು ಬೇಕಾದ ಫಂಕ್ಷನ್ ಜಿಪಿಎಲ್ ಅಲ್ಲದವರಿಗೆ ಸಿಗದಂತಾಯಿತು. ಚೆಕ್‌ಸಮ್, ರೇಡ್-ಝಡ್ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಕಟ್ಟುವ ಲೆಕ್ಕ), ಎನ್‌ಕ್ರಿಪ್ಶನ್ ಮೂರೂ ನಿಧಾನವಾದವು. ಆದರೆ ಇದರಿಂದ ಡೇಟಾ ಕೆಡುವಂತಾಗಲಿಲ್ಲ, ಏಕೆಂದರೆ ಪ್ರತಿಯೊಂದಕ್ಕೂ ವೆಕ್ಟರ್ ಬೇಡದ ಸಾದಾ ರೂಪ ಮೊದಲಿನಿಂದಲೂ ಕೋಡ್‌ನಲ್ಲಿತ್ತು. ಆಮೇಲೆ ರಿಜಿಸ್ಟರ್‌ಗಳನ್ನು ತಾವೇ ಉಳಿಸಿ ಮರಳಿ ಹಾಕುವ ಕೋಡ್ ಬರೆದು ವೇಗವನ್ನು ಮರಳಿ ತಂದರು. ಇದೇ ಬದಲಾವಣೆ 4.14.120 ಮತ್ತು 4.19.38 ಎಂಬ ದೀರ್ಘಾವಧಿ ಆವೃತ್ತಿಗಳಿಗೂ ಹಿಂದಕ್ಕೆ ಬಂದಿತ್ತು. ‘5.0ಕ್ಕಿಂತ ಹಳೆಯದಾದರೆ ಚಿಂತೆಯಿಲ್ಲ’ ಎಂದು ನಂಬರ್ ನೋಡಿ ಬರೆದವರಿಗೆ ಅದು ತಿಳಿಯುವಂತಿರಲಿಲ್ಲ.

ಇನ್ನು ಕೋಡ್ ಓದಲು ಕಷ್ಟ ಎಂದಿರಲ್ಲ, ಅದಕ್ಕೆ ಬರೋಣ. ಫೈಲ್‌ಸಿಸ್ಟಮ್‌ನ ಮುಖ್ಯ ಕೋಡ್‌ನಲ್ಲಿ ಒಂದೇ ಒಂದು ಹ್ಯಾವ್ ಮ್ಯಾಕ್ರೋ ಕೂಡ ಕಾಣಬಾರದು. ಎಲ್ಲವೂ ಒಂದು ಕಂಪ್ಯಾಟ್ (ಹೊಂದಾಣಿಕೆಯ) ಹೆಡರ್‌ಗೆ, ಹೆಚ್ಚೆಂದರೆ ಜೊತೆಗೊಂದು ಸಿ ಫೈಲ್‌ಗೆ ಹೋಗಲಿ. ಮುಖ್ಯ ಕೋಡ್ ಯಾವಾಗಲೂ ಹೊಸ ಕರ್ನಲ್‌ನ ರೂಪದಲ್ಲಿರಲಿ, ಹಳೆಯ ಕರ್ನಲ್‌ಗಳಿಗೆ ಹೊಂದಿಸುವುದು ಆ ಪದರದ ಕೆಲಸ. ಉದಾಹರಣೆಗೆ ಐನೋಡ್‌ನ ಸಮಯಗಳು. ಹಿಂದೆ ಐ_ಸಿಟೈಮ್ (ಐನೋಡ್ ಬದಲಾದ ಸಮಯ) ಫೀಲ್ಡ್‌ಗೆ ನೇರ ಬರೆಯುತ್ತಿದ್ದೆವು. 6.6ರಲ್ಲಿ ಅದಕ್ಕೆ ಪ್ರತ್ಯೇಕ ಫಂಕ್ಷನ್ ಕಡ್ಡಾಯವಾಯಿತು, 6.7ರಲ್ಲಿ ಎಟೈಮ್ (ಓದಿದ ಸಮಯ), ಎಮ್‌ಟೈಮ್‌ಗಳಿಗೂ (ಬರೆದ ಸಮಯ) ಹಾಗೇ ಆಯಿತು. ನಿಮ್ಮ ಕೋಡ್ ಎಲ್ಲೆಡೆ ಹೊಸ ಶೈಲಿಯ ಫಂಕ್ಷನ್ ಅನ್ನೇ ಕರೆಯಲಿ. ಹಳೆಯ ಕರ್ನಲ್‌ನಲ್ಲಿ ಕಂಪ್ಯಾಟ್ ಹೆಡರ್ ಅದನ್ನು ಫೀಲ್ಡ್‌ಗೆ ಬರೆಯುವ ಒಂದು ಸಾಲಾಗಿ ಬಿಡಿಸಲಿ. ಆದರೆ ಆ ಫಂಕ್ಷನ್‌ಗೆ ಕರ್ನಲ್‌ನ ಹೆಸರನ್ನೇ ಇಡಬೇಡಿ, ನಿಮ್ಮ ಮಾಡ್ಯೂಲ್‌ನ ಹೆಸರನ್ನು ಮುಂದೆ ಸೇರಿಸಿ. ನಾಳೆ ಅದೇ ಹೆಸರಿನ ಫಂಕ್ಷನ್ ಡಿಸ್ಟ್ರೋ ಕರ್ನಲ್‌ಗೆ ಬಂದರೂ ಡಿಕ್ಕಿಯಾಗುವುದಿಲ್ಲ. ಓಪನ್‌ಝಡ್‌ಎಫ್‌ಎಸ್ ಕೂಡ ಹೆಸರಿನ ಮೊದಲಿಗೆ ತನ್ನ ಝಡ್‌ಪಿಎಲ್ ಎಂಬ ಪೂರ್ವಪದವನ್ನು ಹಚ್ಚುತ್ತದೆ. ಎಮ್‌ಕೆಡಿರ್‌ನ ಮೊದಲ ಆರ್ಗ್ಯುಮೆಂಟ್‌ಗೂ ಅವರು ತಮ್ಮದೇ ಒಂದು ಬಗೆಯ ಹೆಸರು ಇಟ್ಟುಕೊಂಡಿದ್ದಾರೆ. ಅದು ಯೂಸರ್_ನೇಮ್‌ಸ್ಪೇಸೋ ಐಡಿಮ್ಯಾಪೋ ಎಂಬುದು ಒಳಗಿನ ಕೋಡ್‌ಗೆ ಗೊತ್ತೇ ಆಗುವುದಿಲ್ಲ.

ಇಷ್ಟೆಲ್ಲ ಮಾಡಿ ಬಿಲ್ಡ್ ಹಸಿರಾದರೂ ಒಂದು ಜಾತಿಯ ಬದಲಾವಣೆಯನ್ನು ಕಂಪೈಲರ್ ಹಿಡಿಯಲಾರದು. ಫಂಕ್ಷನ್‌ನ ಆಕಾರ ಹಾಗೇ ಇದ್ದು, ಅದನ್ನು ಕರೆಯುವ ನಿಯಮ ಮಾತ್ರ ಬದಲಾಗಿರುತ್ತದೆ. ನಿಮಗೆ ನೇರ ಸಂಬಂಧಿಸಿದ್ದೊಂದಿದೆ. ಡೈರೆಕ್ಟರಿ ಓದಲು ಹಿಂದೆ ಇಟರೇಟ್ ಎಂಬ ಆಪರೇಶನ್ ಇತ್ತು. ಅದನ್ನು ಕರೆಯುವಾಗ ಕರ್ನಲ್ ಆ ಡೈರೆಕ್ಟರಿಯ ಲಾಕನ್ನು ಒಬ್ಬರಿಗೇ ಮೀಸಲಾಗಿ ಹಿಡಿಯುತ್ತಿತ್ತು. 4.7ರಲ್ಲಿ ಇಟರೇಟ್_ಶೇರ್ಡ್ ಬಂತು, ಅದರಲ್ಲಿ ಹಲವರು ಒಟ್ಟಿಗೆ ಓದಬಹುದು. 6.6ರಲ್ಲಿ ಹಳೆಯದನ್ನು ತೆಗೆದೇಬಿಟ್ಟರು. ಎರಡರ ಆರ್ಗ್ಯುಮೆಂಟ್‌ಗಳೂ ಒಂದೇ. 6.8ರಲ್ಲಿ ಬಿಲ್ಡ್ ಸೋತಾಗ ಹೆಸರಿನ ಕೊನೆಗೆ ‘ಶೇರ್ಡ್’ ಸೇರಿಸಿದರೆ ಕಂಪೈಲ್ ಆಗುತ್ತದೆ, ಲೋಡ್ ಆಗುತ್ತದೆ, ಒಬ್ಬರೇ ಬಳಸಿದರೆ ಸರಿಯಾಗಿಯೂ ನಡೆಯುತ್ತದೆ. ನಿಮ್ಮ ಫಂಕ್ಷನ್ ಆ ಮೀಸಲು ಲಾಕನ್ನು ನಂಬಿಕೊಂಡು ಒಳಗಿನ ಯಾವುದೋ ಕ್ಯಾಶ್‌ಗೆ ಬರೆಯುತ್ತಿದ್ದರೆ, ಇಬ್ಬರು ಒಟ್ಟಿಗೆ ಆ ಡೈರೆಕ್ಟರಿ ಓದಿದ ದಿನ ಮೆಮೊರಿ ಕೆಡುತ್ತದೆ. ಕರ್ನಲ್‌ನವರು ಇದಕ್ಕೆಂದೇ, ಲಾಕನ್ನು ಮೀಸಲಾಗಿ ಹಿಡಿದು ಹಳೆಯ ಫಂಕ್ಷನ್ ಕರೆಯುವ ಒಂದು ಸುತ್ತು ಮ್ಯಾಕ್ರೋ ಕೊಟ್ಟಿದ್ದಾರೆ. ನಿಮ್ಮ ಮಾಡ್ಯೂಲ್‌ನಲ್ಲಿ ಇದನ್ನು ಇವತ್ತೇ ಒಮ್ಮೆ ನೋಡಿ.

ಇಂಥ ನಿಯಮ ಬದಲಾವಣೆಗಳನ್ನು ಬರೆದಿಡುವ ಒಂದು ಫೈಲ್ ಕರ್ನಲ್ ದಾಖಲೆಗಳ ಫೈಲ್‌ಸಿಸ್ಟಮ್ಸ್ ಫೋಲ್ಡರ್‌ನಲ್ಲಿದೆ, ಹೆಸರು ಪೋರ್ಟಿಂಗ್. ಪ್ರತಿ ಟಿಪ್ಪಣಿಯ ತಲೆಯ ಮೇಲೆ ‘ಕಡ್ಡಾಯ’, ‘ಶಿಫಾರಸು’ ಎಂಬ ಗುರುತು ಇರುತ್ತದೆ. ಹೊರಗಿನ ಮಾಡ್ಯೂಲ್ ಇಟ್ಟುಕೊಂಡ ಬಹಳ ಮಂದಿಗೆ ಇದು ಇರುವುದೇ ಗೊತ್ತಿಲ್ಲ. ಪ್ರತಿ ಆರ್‌ಸಿ1 (ಹೊಸ ಕರ್ನಲ್‌ನ ಮೊದಲ ಪರೀಕ್ಷಾ ಆವೃತ್ತಿ) ಬಂದಾಗ ಈ ಒಂದು ಫೈಲ್‌ನಲ್ಲಿ ಏನು ಹೊಸದಾಗಿ ಸೇರಿತು ಎಂದು ನೋಡಿ, ಹತ್ತು ನಿಮಿಷದ ಕೆಲಸ. ಅದರಲ್ಲಿ ಸಿಗದಿದ್ದರೆ, ಬಿಲ್ಡ್ ಎರರ್‌ನಲ್ಲಿ ಕಂಡ ಹೆಸರನ್ನು ಹಿಡಿದು ಗಿಟ್ ಲಾಗ್‌ನಲ್ಲಿ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಹುಡುಕಿ. ಆ ಹೆಸರು ಹುಟ್ಟಿದ, ಅಳಿದ ಕಮಿಟ್‌ಗಳು ಸಿಗುತ್ತವೆ. ಅದೇ ಸರಣಿಯಲ್ಲಿ ಕರ್ನಲ್ ಒಳಗಿನ ಫೈಲ್‌ಸಿಸ್ಟಮ್‌ಗಳನ್ನು ಅವರು ಹೇಗೆ ತಿದ್ದಿದರು ಎಂದೂ ಕಾಣುತ್ತದೆ. ನಿಮ್ಮದಕ್ಕೆ ಹತ್ತಿರವಾದ ಒಂದು ಸಣ್ಣ ಫೈಲ್‌ಸಿಸ್ಟಮ್ ಆರಿಸಿಕೊಂಡು, ಅದಕ್ಕೆ ಏನು ಮಾಡಿದರೋ ಅದನ್ನೇ ನಿಮ್ಮದಕ್ಕೂ ಮಾಡಿ. ಇದಕ್ಕಿಂತ ಒಳ್ಳೆಯ ಗುರು ನನಗಂತೂ ಸಿಕ್ಕಿಲ್ಲ.

ಹೊಸ ಕರ್ನಲ್‌ಗೆ ಬದಲಾವಣೆಗಳನ್ನು ಸ್ವೀಕರಿಸುವ ಎರಡು ವಾರದ ಮರ್ಜ್ ವಿಂಡೋ ಮುಗಿದು ಆರ್‌ಸಿ1 ಬರುವ ಹೊತ್ತಿಗೆ ಒಳಗಿನ ಬದಲಾವಣೆಗಳು ಬಹುಪಾಲು ಸೇರಿಯಾಗಿರುತ್ತವೆ. ಅಲ್ಲಿಂದ ಬಿಡುಗಡೆಗೆ ಏಳೆಂಟು ವಾರ ಕೈಯಲ್ಲಿರುತ್ತದೆ. ಉಬುಂಟು ಬಳಕೆದಾರರಿಗೆ ಆ ಕರ್ನಲ್ ತಲುಪಲು ಇನ್ನೂ ತಿಂಗಳುಗಳು ಬೇಕು. ಆದ್ದರಿಂದ ಸಿಐನಲ್ಲಿ (ಕೋಡನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆ) ಎರಡು ಕೆಲಸ ಇರಲಿ. ಒಂದು, ನಿಮ್ಮ ಏಳೆಂಟು ಡಿಸ್ಟ್ರೋ ಕರ್ನಲ್‌ಗಳ ಹೆಡರ್ ಪ್ಯಾಕೇಜ್‌ಗಳನ್ನು ಕಂಟೇನರ್‌ಗಳಲ್ಲಿ ಹಾಕಿ ಬರೀ ಬಿಲ್ಡ್ ಮಾಡುವುದು. ಇದಕ್ಕೆ ಆ ಕರ್ನಲ್ ಓಡುತ್ತಿರಬೇಕಿಲ್ಲ, ಬೇಗ ಮುಗಿಯುತ್ತದೆ. ಇನ್ನೊಂದು, ರಾತ್ರಿ ಹೊತ್ತು ಪ್ರತಿ ಕರ್ನಲ್ ಅನ್ನೂ ಕ್ಯೂಎಮು ಎಂಬ ವರ್ಚುವಲ್ ಯಂತ್ರದ ಒಳಗೆ ಬೂಟ್ ಮಾಡಿ, ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಫೈಲ್‌ಸಿಸ್ಟಮ್ ಪರೀಕ್ಷೆಗಳ ಕಟ್ಟಿನ ಸಾಮಾನ್ಯ ಗುಂಪನ್ನು ಓಡಿಸುವುದು. ಕನಿಷ್ಠ ಒಂದು ಕರ್ನಲ್‌ನಲ್ಲಾದರೂ ಲಾಕ್‌ಡೆಪ್ (ಲಾಕ್ ತಪ್ಪು ಹಿಡಿಯುವುದು) ಮತ್ತು ಕೇಸನ್ (ಮೆಮೊರಿ ತಪ್ಪು ಹಿಡಿಯುವುದು) ಆನ್ ಇರಲಿ. ಮೇಲೆ ಹೇಳಿದ ಇಟರೇಟ್ ಥರದ ತಪ್ಪು ಸಿಕ್ಕರೆ ಇಲ್ಲೇ ಸಿಗಬೇಕು.

ಬಳಕೆದಾರರ ಕಡೆಯ ಒಂದು ಕಾವಲೂ ಬೇಕು. ಓಪನ್‌ಝಡ್‌ಎಫ್‌ಎಸ್‌ನ ಮೆಟಾ ಎಂಬ ಫೈಲ್‌ನಲ್ಲಿ ಕನಿಷ್ಠ ಮತ್ತು ಗರಿಷ್ಠ ಕರ್ನಲ್ ಆವೃತ್ತಿ ಬರೆದಿರುತ್ತಾರೆ. ಇತ್ತೀಚಿನ ಆವೃತ್ತಿಗಳು, ಗರಿಷ್ಠ ಮೀರಿದ ಕರ್ನಲ್ ಕೊಟ್ಟರೆ, ಪ್ರಯೋಗಕ್ಕೆಂದು ಬೇರೆ ಆಯ್ಕೆ ಕೊಡದ ಹೊರತು ಬಿಲ್ಡ್ ಮಾಡಲು ಒಪ್ಪುವುದೇ ಇಲ್ಲ. ಆವೃತ್ತಿ ನಂಬರಿಗೆ ನಾನು ಒಪ್ಪುವ ಒಂದೇ ಉಪಯೋಗ ಇದು: ‘ಇಲ್ಲಿಯವರೆಗೆ ಪರೀಕ್ಷಿಸಿದ್ದೇವೆ’ ಎಂದು ಹೇಳುವುದು. ಡಿಕೆಎಂಎಸ್ (ಹೊಸ ಕರ್ನಲ್ ಬಂದಾಗ ಹೊರಗಿನ ಮಾಡ್ಯೂಲನ್ನು ತಾನಾಗಿ ಬಿಲ್ಡ್ ಮಾಡುವ ಸಾಧನ) ಬಳಸುತ್ತಿದ್ದರೆ ಅದರ ಕಾನ್ಫ್ ಫೈಲ್‌ನಲ್ಲೂ ಯಾವ ಕರ್ನಲ್‌ಗಳಿಗೆ ಬಿಲ್ಡ್ ಮಾಡಬೇಕೆಂದು ನಿರ್ಬಂಧಿಸಬಹುದು. ಬಿಲ್ಡ್ ಸೋತರೆ ಕಾರಣ ವಾರ್ ಫೋಲ್ಡರ್‌ನಡಿಯ ಡಿಕೆಎಂಎಸ್‌ನ ಮೇಕ್.ಲಾಗ್‌ನಲ್ಲಿರುತ್ತದೆ, ಮತ್ತು ಹೊಸ ಕರ್ನಲ್ ನಿಮ್ಮ ಮಾಡ್ಯೂಲ್ ಇಲ್ಲದೆಯೇ ಬೂಟ್ ಆಗುತ್ತದೆ. ಹಳೆಯ ಕರ್ನಲ್ ಒಂದನ್ನು ಅಳಿಸದೆ ಇಟ್ಟಿರಲು ನಿಮ್ಮ ಬಳಕೆದಾರರಿಗೆ ಹೇಳಿ.

ಹಳೆಯದನ್ನು ಕೈಬಿಡುವ ದಿನಾಂಕವನ್ನೂ ಈಗಲೇ ಗೊತ್ತುಮಾಡಿ. ರೆಡ್ ಹ್ಯಾಟ್ 7ರ ಸಾಮಾನ್ಯ ಬೆಂಬಲ 2024ರ ಜೂನ್‌ನಲ್ಲಿ ಮುಗಿಯಿತು. 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3.0, 4.18ಕ್ಕಿಂತ ಹಳೆಯದನ್ನೆಲ್ಲ ಬಿಟ್ಟು 6.12ರವರೆಗೆ ಬೆಂಬಲ ಕೊಟ್ಟಿತು. ಅದರೊಂದಿಗೆ ಪರೀಕ್ಷೆಗಳ ದೊಡ್ಡ ರಾಶಿಯೇ ಕೋಡ್‌ನಿಂದ ಹೋಯಿತು. ರಾಕಿ 8ಕ್ಕೆ 2029ರ ಮೇವರೆಗೆ ಆಯುಷ್ಯವಿದೆ. ಅಷ್ಟು ದಿನ ಅದನ್ನು ಹೊರಲೇಬೇಕೇ ಎಂದು ನಿಮ್ಮ ಬಳಕೆದಾರರನ್ನು ಕೇಳಿ ನಿರ್ಧರಿಸಿ.

ಕೊನೆಯ ಪ್ರಶ್ನೆ, ಮೂಲ ಕರ್ನಲ್‌ಗೆ ಸೇರಿಸುವುದು. ಸೇರಿದರೆ ಮೇಲಿನ ಕೆಲಸದ ಬಹುಪಾಲು ಬೇರೆಯವರ ಹೆಗಲಿಗೆ ಹೋಗುತ್ತದೆ, ನಿಜ. ಆದರೆ ಸೇರಿದ ಮೇಲೆ ಉಳಿಯುವುದೂ ಒಂದು ಕೆಲಸ. ಲಸ್ಟರ್ ಎಂಬ ಫೈಲ್‌ಸಿಸ್ಟಮ್‌ನ ಕ್ಲೈಂಟ್ 2013ರಲ್ಲಿ, ಇನ್ನೂ ಪಳಗಬೇಕಾದ ಕೋಡ್ ಇಡುವ ಸ್ಟೇಜಿಂಗ್ ವಿಭಾಗಕ್ಕೆ ಸೇರಿ 2018ರಲ್ಲಿ ಹೊರಬಿತ್ತು. ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ 6.7ರಲ್ಲಿ ಒಳಗೆ ಬಂದು, 6.17ರಲ್ಲಿ ‘ಹೊರಗಿನಿಂದ ನೋಡಿಕೊಳ್ಳುವುದು’ ಎಂಬ ಗುರುತು ಪಡೆದು, 6.18ರಲ್ಲಿ ಪೂರ್ತಿ ಹೊರಹೋಯಿತು. ಈಗ ಅದೂ ನಿಮ್ಮದರಂತೆಯೇ ಹೊರಗಿನ ಮಾಡ್ಯೂಲ್, ಡಿಕೆಎಂಎಸ್ ಮೂಲಕ ಸಿಗುತ್ತದೆ. ನಿಮ್ಮ ತಂಡ ಮಾತ್ರ ಬಳಸುವ ಫೈಲ್‌ಸಿಸ್ಟಮ್ ಅನ್ನು ಅಲ್ಲಿನವರು ಒಪ್ಪುವುದು ಕಷ್ಟ, ಮತ್ತು ಅವರ ಆ ನಿಲುವು ಸರಿಯೇ.

ನಿಮಗೆ ಮೂರನೆಯ ದಾರಿಯೊಂದಿದೆ. ಪ್ರಶ್ನೆಯಲ್ಲಿ ಅದು ಇಲ್ಲದಿರುವುದರಿಂದ ಹೇಳುತ್ತಿದ್ದೇನೆ: ಫ್ಯೂಸ್. 2005ರಲ್ಲಿ 2.6.14ರೊಂದಿಗೆ ಬಂದದ್ದು. ಫೈಲ್‌ಸಿಸ್ಟಮ್ ಸಾಮಾನ್ಯ ಪ್ರೋಗ್ರಾಮ್ ಆಗಿ ಓಡುತ್ತದೆ, ಕರ್ನಲ್ ಜೊತೆ ಅದು ಮಾತಾಡುವ ಪ್ರೋಟೊಕಾಲ್, ಮುರಿಯುವುದಿಲ್ಲ ಎಂದು ಲಿನಕ್ಸ್ ಮಾತು ಕೊಟ್ಟಿರುವ ಬದಿಯಲ್ಲಿದೆ. ರಾಕಿ 8ರಿಂದ ಉಬುಂಟು 24.04ರವರೆಗೆ ಒಂದೇ ಕೋಡ್, ಒಂದೂ ಹ್ಯಾವ್ ಮ್ಯಾಕ್ರೋ ಇಲ್ಲದೆ. ಪ್ರತಿ ಕೋರಿಕೆಗೂ ಕರ್ನಲ್‌ಗೂ ಪ್ರೋಗ್ರಾಮ್‌ಗೂ ನಡುವೆ ಓಡಾಡುವ ವೆಚ್ಚ ಅದರ ಬೆಲೆ. ದೊಡ್ಡ ಫೈಲ್‌ಗಳನ್ನು ಸಾಲಾಗಿ ಓದುವ ಕೆಲಸದಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಲಕ್ಷಾಂತರ ಸಣ್ಣ ಫೈಲ್‌ಗಳನ್ನು ತೆರೆದು ಮುಚ್ಚುವ ಕೆಲಸದಲ್ಲಿ ಚೆನ್ನಾಗಿ ಕಾಣುತ್ತದೆ. ಕಂಪ್ಯಾಟ್ ಪದರಕ್ಕೆ ಕೈ ಹಾಕುವ ಮೊದಲು, ಫ್ಯೂಸ್‌ನ ಲೈಬ್ರರಿ ಲಿಬ್‌ಫ್ಯೂಸ್ 3 ಮೇಲೆ ಓದುವ ಭಾಗವನ್ನಷ್ಟೇ ಬರೆದು, ನಿಮ್ಮ ನಿಜವಾದ ಕೆಲಸದ ಫೈಲ್‌ಗಳ ಮೇಲೆ, ನಿಮ್ಮ ನಿಜವಾದ ಡಿಸ್ಕ್‌ನಲ್ಲಿ ವೇಗ ಅಳೆದು ನೋಡಿ. ಆ ವೇಗ ನಿಮಗೆ ಸಾಕಾದರೆ ಕರ್ನಲ್ ಮಾಡ್ಯೂಲನ್ನು ನಿಲ್ಲಿಸಿಬಿಡಿ. ಸಾಲದಿದ್ದರೆ ಎಮ್‌ಕೆಡಿರ್‌ನ ನಾಲ್ಕು ರೂಪಗಳ ಪರೀಕ್ಷೆಯಿಂದ ಶುರುಮಾಡಿ.